ಹಳೆಯ ಜೀಪು ಕೊಳ್ಳುವ ಮುನ್ನ

ಕಳೆದ ಮಾಘದ ಒಂದು ಬೆಳಿಗ್ಗೆ ತೀರ್ಥಹಳ್ಳಿ ಕಡೆಯ ಒಂದು ಶೆಡ್ಡಿನಲ್ಲಿ, ಗೋಣಿಚೀಲ ಹಾಸಿಕೊಂಡು, ಹಸಿರು ಬಣ್ಣದ ಹಳೆಯ ಜೀಪೊಂದರ ಕೆಳಗೆ ನಾನು ಅಂಗಾತ ಮಲಗಿದ್ದೆ. ಪಕ್ಕದಲ್ಲಿ ನಮ್ಮೂರಿನ ಮೇಸ್ತ್ರಿ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಹಿಡಿದಿದ್ದರು. ಜೀಪಿನ ಹೊಟ್ಟೆಯೆಲ್ಲ ಕಪ್ಪಗೆ ಮಿಂಚುತ್ತಿತ್ತು. ನನಗೆ ಅದು ಚೆನ್ನಾಗಿಯೇ ಕಂಡಿತು.

"ಮೇಲೆ ಹಸಿರು ಹೊಸತು, ಸರಿ. ಕೆಳಗೂ ಕಪ್ಪು ಹೊಸತು ಅಂದ್ರೆ ಎಂತಕ್ಕೆ? ಚುಚ್ಚಿ ನೋಡು ತಮ್ಮಾ" ಎಂದು ಸ್ಕ್ರೂಡ್ರೈವರ್ ಕೊಟ್ಟರು.

ಹಿಂದಿನ ಚಕ್ರದ ಪಾಟಾ ಚಾಸಿಗೆ ಕೂಡುವ ಜಾಗದಲ್ಲಿ ಚುಚ್ಚಿದೆ. ಹೆಚ್ಚು ಒತ್ತಬೇಕಾಗಲಿಲ್ಲ. ಸ್ಕ್ರೂಡ್ರೈವರ್ ಒಳಗೆ ಹೋಯಿತು, ಕಂದು ಬಣ್ಣದ ಪುಡಿ ನನ್ನ ಕನ್ನಡಕದ ಮೇಲೆ ಉದುರಿತು.

ಆ ಜೀಪಿಗೆ ಹೇಳಿದ ಬೆಲೆ ಎರಡು ಲಕ್ಷದ ಅರವತ್ತು ಸಾವಿರ. ಮೂರು ವರ್ಷ ಫೆಲೋಶಿಪ್ಪಿನಲ್ಲಿ ಉಳಿಸಿದ ಹಣ ಹೆಚ್ಚುಕಡಿಮೆ ಅಷ್ಟೇ ಇತ್ತು. ಸ್ವಾತಂತ್ರ್ಯಾನಂತರದ ಮಲೆನಾಡಿನ ರಸ್ತೆಗಳು ಮತ್ತು ವಾಹನಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿರುವವನಿಗೆ ಕ್ಷೇತ್ರಕಾರ್ಯಕ್ಕೊಂದು ಗಾಡಿ ಬೇಕು ಎಂಬುದು ನಾನು ಎಲ್ಲರಿಗೂ ಹೇಳುತ್ತಿದ್ದ ಕಾರಣ. ನಿಜವಾದ ಕಾರಣ ನಮ್ಮ ಮನೆಯ ಜಗಲಿಯ ಗೋಡೆಯ ಮೇಲಿತ್ತು. ಅದು 1962ರ ಒಂದು ಫೋಟೊ. ಖಾಕಿ ಅಂಗಿ ತೊಟ್ಟ ಅಜ್ಜ ಜೀಪಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದಾರೆ. ನಂಬರ್ ಪ್ಲೇಟಿನಲ್ಲಿ 'ಎಂವೈ' ಎಂಬ ಎರಡು ಅಕ್ಷರ ಕಾಣುತ್ತದೆ, ಉಳಿದದ್ದನ್ನು ಅಜ್ಜನ ಮೊಣಕಾಲು ಮುಚ್ಚಿದೆ. ಅಜ್ಜ ಶರಾವತಿ ಯೋಜನೆಯ ಕಾಲದಲ್ಲಿ ಸರ್ಕಾರಿ ಜೀಪಿನ ಡ್ರೈವರ್. ಮಾರುವವರು ಫೋನಿನಲ್ಲಿ "ಇದು ಶರಾವತಿ ಪ್ರಾಜೆಕ್ಟಿನ ಗಾಡಿ, ನಮ್ಮ ತಂದೆ 1979ರಲ್ಲಿ ಹರಾಜಲ್ಲಿ ಹಿಡಿದದ್ದು, ಎಂವೈ ನಂಬರು" ಎಂದಾಗ ನನಗೆ ಮುಂದಿನ ಮಾತು ಕೇಳಿಸಲೇ ಇಲ್ಲ.

ಚರಿತ್ರೆಯ ವಿದ್ಯಾರ್ಥಿ ಹೀಗೆ ನಂಬಬಾರದು. ಆದರೆ ಹಳೆಯ ಜೀಪು ಕೊಳ್ಳಲು ಹೋಗುವವರೆಲ್ಲ ಹೀಗೆಯೇ ಹೋಗುತ್ತಾರೆ ಎಂದು ಈಗ ಗೊತ್ತಾಗಿದೆ. ನಾವು ಕಬ್ಬಿಣ ನೋಡಲು ಹೋಗುವುದಿಲ್ಲ, ಒಂದು ಕಥೆಯನ್ನು ಖಚಿತಪಡಿಸಿಕೊಳ್ಳಲು ಹೋಗುತ್ತೇವೆ.

ಜೀಪಿನ ಕಥೆಯೇ ಅವಸರದಲ್ಲಿ ಹುಟ್ಟಿದ್ದು. 1940ರ ಜುಲೈಯಲ್ಲಿ ಅಮೆರಿಕದ ಸೈನ್ಯ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಒಂದು ಹಗುರ ಗಾಡಿ ಬೇಕೆಂದು 135 ಕಂಪನಿಗಳಿಗೆ ಬರೆಯಿತು. ಮಾದರಿ ಗಾಡಿಗೆ ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಎಂಬ ಪುಟ್ಟ ಕಂಪನಿಗಾಗಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರ್ ಕೆಲವೇ ದಿನಗಳಲ್ಲಿ ನಕ್ಷೆ ಬರೆದ. ಸೆಪ್ಟೆಂಬರ್ 23ರಂದು ಗಾಡಿ ಸೈನ್ಯದ ಅಂಗಳ ತಲುಪಿತು. ಆದರೆ ಲಕ್ಷಗಟ್ಟಲೆ ತಯಾರಿಸುವ ತಾಕತ್ತು ಬ್ಯಾಂಟಮ್‌ಗೆ ಇರಲಿಲ್ಲ. ದೊಡ್ಡ ಗುತ್ತಿಗೆ ವಿಲೀಸ್ ಮತ್ತು ಫೋರ್ಡ್ ಪಾಲಾಯಿತು. ಯುದ್ಧ ಮುಗಿಯುವುದರೊಳಗೆ ಈ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದ್ದವು. ತಾನು ಮಾಡಿದ ಬಿಡಿಭಾಗ ಯಾವುದೆಂದು ತಿಳಿಯಲು ಫೋರ್ಡ್ ಬೋಲ್ಟಿನ ತಲೆಯ ಮೇಲೂ 'ಎಫ್' ಅಕ್ಷರ ಒತ್ತುತ್ತಿತ್ತು. ಎಷ್ಟೋ ಹಳೆಯ ಜೀಪುಗಳಲ್ಲಿ ವಿಲೀಸ್ ಚಾಸಿಗೆ ಫೋರ್ಡ್ ಬೋಲ್ಟು ಇರುತ್ತದೆ, ಫೋರ್ಡ್ ಬಾಡಿಗೆ ವಿಲೀಸ್ ಎಂಜಿನ್ನು. ಯುದ್ಧಭೂಮಿಯಲ್ಲಿ ರಿಪೇರಿ ಮಾಡಿದವರು ಕೈಗೆ ಸಿಕ್ಕಿದ್ದನ್ನು ಹಾಕಿದರು.

ಇದನ್ನು ರೂಪಿಸಿದವರು ಯೋಚಿಸಿದ್ದು ಒಂದು ಯುದ್ಧದ ಲೆಕ್ಕದಲ್ಲಿ, ಎಂಬತ್ತು ಮಳೆಗಾಲದ ಲೆಕ್ಕದಲ್ಲಲ್ಲ. ಯುದ್ಧಕಾಲದ ಜೀಪಿನ ನೆಲದ ತಗಡಿಗೆ ಆಸರೆಯಾಗಿ ಕೆಳಗೆ ಟೋಪಿಯಾಕಾರದ ಉಕ್ಕಿನ ಪಟ್ಟಿಗಳಿವೆ, ಅವುಗಳ ಒಳಗೆ ಮರದ ತುಂಡು ಇಟ್ಟಿದ್ದರು. ಮರ ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ, ಉಕ್ಕು ಒಳಗಿನಿಂದ ಕೊಳೆಯುತ್ತದೆ. ಪೆಟ್ರೋಲ್ ಟ್ಯಾಂಕು ಡ್ರೈವರ್ ಸೀಟಿನ ಕೆಳಗೆ, ನೆಲದ ತಗ್ಗಿನಲ್ಲಿ ಕೂರುತ್ತದೆ. ಆ ತಗ್ಗಿನಲ್ಲಿ ನಿಂತ ನೀರಿಗೆ ಹೋಗಲು ಇರುವ ತೂತು ಕೆಸರಿನಿಂದ ಮುಚ್ಚಿದರೆ ಅಲ್ಲಿಗೆ ಮುಗಿಯಿತು.

ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣ ಎಂದು ಹೆಸರಾದದ್ದೂ ಹಳೆಯ ಜೀಪು ಕೊಂಡ ಕಥೆಯೇ. 1948ರಲ್ಲಿ ಕಾಶ್ಮೀರದ ಯುದ್ಧಕ್ಕೆ ಜೀಪುಗಳು ತುರ್ತಾಗಿ ಬೇಕಿದ್ದವು. ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಅಲ್ಲಿನ ಒಂದು ಕಂಪನಿಯೊಡನೆ ಸುಮಾರು 80 ಲಕ್ಷ ರೂಪಾಯಿಯ ಒಪ್ಪಂದಕ್ಕೆ ಮುಂದಾದರು. ರಿಪೇರಿ ಮಾಡಿ ಹೊಸದಾಗಿಸಿದ ಹಳೆಯ ಜೀಪುಗಳನ್ನು ಕಳಿಸುವ ಒಪ್ಪಂದ ಅದು. ಬಂದಿಳಿದದ್ದು 155. ಅವು ಬಳಕೆಗೆ ಯೋಗ್ಯವಲ್ಲ ಎಂದು ಸೈನ್ಯ ಹೇಳಿತು. ಮಾಮೂಲಿ ಕ್ರಮ ಪಾಲಿಸಲಿಲ್ಲ ಎಂಬ ಆಕ್ಷೇಪ ಸಂಸತ್ತಿನಲ್ಲಿ ವರ್ಷಗಟ್ಟಲೆ ನಡೆಯಿತು, ಯುದ್ಧದ ತುರ್ತು ಇತ್ತು ಎಂಬ ಸಮರ್ಥನೆಯೂ ನಡೆಯಿತು. 1955ರ ಸೆಪ್ಟೆಂಬರ್ 30ರಂದು ಗೃಹಮಂತ್ರಿ ಗೋವಿಂದ ವಲ್ಲಭ ಪಂತ್ ಪ್ರಕರಣ ಮುಗಿಯಿತೆಂದು ಸಾರಿದರು. ಮುಂದಿನ ಫೆಬ್ರವರಿಯಲ್ಲಿ ಮೆನನ್ ಕೇಂದ್ರ ಮಂತ್ರಿಯಾದರು. ನಾನು ಈ ಕಥೆಯನ್ನು ಪ್ರಬಂಧದ ಮೊದಲ ಅಧ್ಯಾಯದಲ್ಲಿ ಬರೆದು, ಖರೀದಿಯ ವಿಧಾನಗಳ ಬಗ್ಗೆ ದೊಡ್ಡ ಮಾತಾಡಿದ್ದೆ. ಆಮೇಲೆ ಫೋನಿನಲ್ಲಿ ಕೇಳಿದ ಒಂದು ಮಾತಿಗೆ ಮನಸೋತು ಅಡ್ವಾನ್ಸ್ ಹತ್ತು ಸಾವಿರ ಜೇಬಲ್ಲಿಟ್ಟುಕೊಂಡು ಹೊರಟಿದ್ದೆ.

ನಮ್ಮ ಕಡೆಗೆ ಜೀಪು ಬಂದದ್ದು ಎರಡು ದಾರಿಯಲ್ಲಿ. ಮೊದಲನೆಯದು 'ಡಿಸ್ಪೋಸಲ್' ಜೀಪು. ಯುದ್ಧ ಮುಗಿದ ಮೇಲೆ ಹರಾಜಿನಲ್ಲಿ ಬಿಕರಿಯಾದ, ಎಡಗಡೆ ಸ್ಟೇರಿಂಗಿನ ಗಾಡಿಗಳು. ಎರಡನೆಯದು ಮಹೀಂದ್ರ. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಮಹೀಂದ್ರ ಅಂಡ್ ಮಹಮ್ಮದ್ ಕಂಪನಿ 1947ರಲ್ಲಿ ಬಿಡಿಭಾಗಗಳಾಗಿ ಬಂದ 75 ವಿಲೀಸ್ ಜೀಪುಗಳನ್ನು ಮುಂಬಯಿಯ ಮಜಗಾಂವಿನಲ್ಲಿ ಜೋಡಿಸಿತು. ಪಾಲುದಾರ ಗುಲಾಮ್ ಮಹಮ್ಮದ್ ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೋದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ದೇಶ ವಿಭಜನೆಯ ಗುರುತು ಜೀಪು ಕಂಪನಿಯ ಹೆಸರಲ್ಲೂ ಇದೆ. ಫೋಟೊದಲ್ಲಿ ಅಜ್ಜ ಕೈಯಿಟ್ಟಿರುವುದು ಎತ್ತರದ ಬಾನೆಟ್ಟಿನ ಸಿಜೆ-3ಬಿ. ವಿಲೀಸ್ ಇದನ್ನು 1953ರಲ್ಲಿ ತಂದಿತು. ಹೊಸ ಎಂಜಿನ್ನು ಎತ್ತರವಾಗಿದ್ದುದರಿಂದ ಬಾನೆಟ್ಟನ್ನೂ ಎತ್ತರಿಸಬೇಕಾಯಿತು. ಅಮೆರಿಕದಲ್ಲಿ 1968ಕ್ಕೆ ನಿಂತ ಈ ಮಾದರಿಯನ್ನು ಮಹೀಂದ್ರ ಆಮೇಲೂ ಬಹುಕಾಲ ಕಟ್ಟುತ್ತ ಬಂತು.

1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದ ಮೇಲೆ ಬಿಡಿಒ ಸಾಹೇಬರು, ಅವರ ಜೀಪು, ಆ ಜೀಪಿನ ಡ್ರೈವರು ಹಳ್ಳಿಗಳ ಪಾಲಿಗೆ ಸರ್ಕಾರದ ಮುಖಗಳಾದರು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ, ಪಾದ್ರಿಯ ಬೈಸಿಕಲ್ಲು ಆ ಕಾಡಿನ ಊರುಗಳಲ್ಲಿ ಎಬ್ಬಿಸಿದ ಬೆರಗು ನೆನಪಿರುತ್ತದೆ. ಐವತ್ತು ಅರವತ್ತು ವರ್ಷಗಳ ನಂತರ ಅದೇ ಸೀಮೆಯಲ್ಲಿ ಜೀಪು ಎಬ್ಬಿಸಿದ್ದು ಬರೀ ಬೆರಗನ್ನಲ್ಲ. ಅದನ್ನು ನಾನು ತಿಳಿದದ್ದು ಕಡತಗಳಿಂದಲ್ಲ.

ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಹಿನ್ನೀರು ಊರು, ಗದ್ದೆ, ಅಡಿಕೆ ತೋಟ, ದೇವಸ್ಥಾನಗಳ ಜೊತೆ 1948ರಲ್ಲಷ್ಟೇ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟನ್ನೂ ನುಂಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಆ ಹಳೆಯ ಅಣೆಕಟ್ಟು ಮೇಲೆ ಕಾಣುತ್ತದೆ. ಮುಳುಗಡೆಯಿಂದ ಎದ್ದು ಶಿವಮೊಗ್ಗದ ಹತ್ತಿರ ನೆಲೆಸಿದ ಒಂದು ಕುಟುಂಬದ ಅಜ್ಜಿಯನ್ನು ಮಾತಾಡಿಸಲು ಹೋಗಿದ್ದೆ. ಆಗ ಅವರಿಗೆ ಹದಿನೈದೋ ಹದಿನಾರೋ. ಜೀಪಿನ ವಿಷಯ ಕೇಳಿದೆ.

"ಗುಡ್ಡದ ಆಚೆ ಸದ್ದು ಕೇಳಿದ್ರೆ ಸಾಕಿತ್ತು ಮಗಾ, ನಮ್ಮವ್ವ ಒಲೆ ಮುಂದಿಂದ ಎದ್ದು ಬರೋಳು. ಇವತ್ತು ಯಾರ ಮನೆ ಅಳೆಯಕ್ಕೆ ಬಂದ್ರು ಅಂತ. ಜೀಪು ಬಂದ ಮನೇಲಿ ಅವತ್ತು ಅಡಿಗೆ ಆಗ್ತಿರ್ಲಿಲ್ಲ" ಎಂದರು.

ನಮ್ಮಜ್ಜ ಆ ಜೀಪು ಓಡಿಸುತ್ತಿದ್ದರು ಎಂದು ಅವರಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಆವತ್ತು ಟೇಪಿನಲ್ಲಿ ಒಂದು ನಿಮಿಷ ಬರೀ ಫ್ಯಾನಿನ ಸದ್ದಿದೆ. ನಮ್ಮ ಮನೆಯಲ್ಲಿ ಆ ಫೋಟೊಗೆ ಆಯುಧಪೂಜೆಗೆ ಹೂವಿಡುತ್ತೇವೆ.

ಈಗ ಶೆಡ್ಡಿಗೆ ಮರಳುತ್ತೇನೆ. ಸ್ಕ್ರೂಡ್ರೈವರ್ ಒಳಗೆ ಹೋದ ಮೇಲೂ ನನಗೆ ಆಸೆ ಬಿಟ್ಟಿರಲಿಲ್ಲ. ಒಂದು ಕಡೆ ತಾನೇ, ವೆಲ್ಡ್ ಮಾಡಿಸಿದರಾಯಿತು ಎಂದೆ. ಮೇಸ್ತ್ರಿ ಉತ್ತರ ಕೊಡದೆ ಜೇಬಿನಿಂದ ಬಟ್ಟೆ ಸುತ್ತಿದ ಆಯಸ್ಕಾಂತ ತೆಗೆದು ಬಾಡಿಯ ಮೇಲೆ ಮೆಲ್ಲಗೆ ಎಳೆಯುತ್ತ ಹೋದರು. ಹಿಂದಿನ ಚಕ್ರದ ಮೇಲುಭಾಗದಲ್ಲಿ ಅದು ಹಿಡಿಯಲಿಲ್ಲ, ಜಾರಿತು. ಅಲ್ಲಿದ್ದದ್ದು ತಗಡಲ್ಲ, ತೂತು ಮುಚ್ಚಿ ನಯ ಮಾಡಿದ ಪಟ್ಟಿ. ಗಾಜಿನ ಚೌಕಟ್ಟಿನ ಬುಡದಲ್ಲೂ ಅದೇ. ಆಮೇಲೆ ಸಣ್ಣ ಸುತ್ತಿಗೆಯಿಂದ ಚಾಸಿಯ ಉದ್ದಕ್ಕೂ ತಟ್ಟಿದರು. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಹಳೆಯ ಮಡಕೆಯಂತೆ ಬೊದ್ದು ಸದ್ದು ಮಾಡುತ್ತದೆ. ಸ್ಟೇರಿಂಗ್ ಬಾಕ್ಸು ಚಾಸಿಗೆ ಕೂಡುವಲ್ಲಿ ಬೊದ್ದು ಸದ್ದು ಬಂತು. "ಇಲ್ಲಿ ಬಿಟ್ಕೊಂಡ್ರೆ ಆಗುಂಬೆ ಘಾಟಿಲಿ ನೀನು ಒಂದು ಕಡೆ, ಗಾಡಿ ಒಂದು ಕಡೆ" ಎಂದರು.

ತುಕ್ಕು ಅಂದರೆ ಕಬ್ಬಿಣ ನೀರು ಮತ್ತು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಮತ್ತೆ ಅದಿರಿನಂಥದ್ದಾಗುವುದು. ಅಲ್ಯೂಮಿನಿಯಂ ಮೇಲೆ ಹುಟ್ಟುವ ಪೊರೆ ತೆಳ್ಳಗೆ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಉಬ್ಬಿ ಪದರ ಪದರವಾಗಿ ಏಳುತ್ತದೆ, ಸಂದಿಗಳಲ್ಲಿ ನೀರು ಹಿಡಿದು ಇನ್ನೂ ಆಳಕ್ಕೆ ಹೋಗುತ್ತದೆ. ಆದ್ದರಿಂದ ತುಕ್ಕಿನ ಮೇಲೆಯೇ ತೇಪೆ ಬೆಸೆದರೆ ಅಥವಾ ಬಣ್ಣ ಬಳಿದರೆ ಅದು ನಿಲ್ಲುವುದಿಲ್ಲ, ಕಣ್ಣಿಗೆ ಮರೆಯಾಗುತ್ತದೆ ಅಷ್ಟೆ. ಇಂಗ್ಲೆಂಡಿನಲ್ಲಿ ಮಾರಿಸ್ ವಿಲ್ಕ್ಸ್ ತನ್ನ ತೋಟದಲ್ಲಿ ಬಳಸುತ್ತಿದ್ದ ಯುದ್ಧದ ಜೀಪಿನಿಂದ ಪ್ರೇರಣೆ ಪಡೆದು 1948ರಲ್ಲಿ ಲ್ಯಾಂಡ್ ರೋವರ್ ತಂದಾಗ ಅಲ್ಲಿ ಉಕ್ಕಿಗೆ ರೇಷನ್ ಇತ್ತು, ಹಾಗಾಗಿ ಬಾಡಿಗೆ ಅಲ್ಯೂಮಿನಿಯಂ ಮಿಶ್ರಲೋಹ ಬಳಸಿದರು. ಅದನ್ನು ನಂಬಿ ಕೊಂಡವರು ಇಂದಿಗೂ ಮೋಸಹೋಗುತ್ತಾರೆ. ಬಾಡಿ ಚೆನ್ನಾಗಿರುತ್ತದೆ, ಕೆಳಗಿನ ಉಕ್ಕಿನ ಚಾಸಿ ಕೊಳೆತಿರುತ್ತದೆ. ಎರಡು ಲೋಹ ಮುಟ್ಟುವಲ್ಲಿ ನೀರು ಸೇರಿದರೆ ಅಲ್ಯೂಮಿನಿಯಂ ಕೂಡ ಬಿಳಿ ಪುಡಿಯಾಗುತ್ತದೆ.

ಕೊನೆಗೆ ಚಾಸಿ ನಂಬರು. ಮುಂದಿನ ಕಂಬಿಯ ಮೇಲೆ ಅದನ್ನು ಒತ್ತಿರುತ್ತಾರೆ. ಆರ್‌ಟಿಒ ಕೆಲಸಕ್ಕೆ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ತೀಡಿ ಅಚ್ಚು ತೆಗೆಯುವುದು ವಾಡಿಕೆ. ಶಾಸನದ ಅಚ್ಚು ತೆಗೆದ ಅಭ್ಯಾಸ ನನಗಿದೆ. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳು ಮತ್ತು ಎಂಟನೆಯ ಸಂಪುಟ, ಅಂದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳು, ಎಂ.ಎ. ಓದುವಾಗಿನಿಂದ ನನ್ನ ಮೇಜಿನ ಮೇಲಿವೆ. ಕಾಗದ ಇಟ್ಟು ತೀಡಿದೆ. ಅಂಕಿಗಳು ಆರ್‌ಸಿಯಲ್ಲಿದ್ದಂತೆಯೇ ಬಂದವು. ಆದರೆ ಅಂಕಿಗಳ ಸುತ್ತ ಒಂದು ಚೌಕದ ಅಂಚೂ ಮೂಡಿತು. ನಂಬರು ಇದ್ದ ಉಕ್ಕಿನ ತುಂಡನ್ನು ಬೇರೆ ಎಲ್ಲಿಂದಲೋ ಕತ್ತರಿಸಿ ತಂದು ಈ ಕಂಬಿಗೆ ಬೆಸೆದು, ಉಜ್ಜಿ, ಕಪ್ಪು ಬಳಿದಿದ್ದರು. ಎಂವೈ ನಂಬರಿನ ಸರ್ಕಾರಿ ಜೀಪು ಒಂದು ಇದ್ದಿರಬಹುದು. ಅದು ಇದಲ್ಲ. ಇದು ಮತ್ಯಾವುದೋ ಜೀಪು, ಆ ಜೀಪಿನ ಕಾಗದ ಹೊತ್ತು ನಿಂತಿತ್ತು.

ಮಾರುವವರಿಗೆ ಕಾಗದ ತೋರಿಸಿದೆ. ಅವರು ಸಿಟ್ಟಾಗಲಿಲ್ಲ. "ಹಳೇ ಗಾಡಿ ಅಂದ್ರೆ ಹಂಗೇ ಅಲ್ವಾ? ವಿಂಟೇಜ್ ನಂಬರ್ ಮಾಡಿಸ್ಕೊಳಿ, ಬೆಲೆ ಡಬ್ಬಲ್ ಆಗುತ್ತೆ" ಎಂದರು. 2021ರಲ್ಲಿ ಬಂದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲಿರುವ, ಭಾರಿ ಬದಲಾವಣೆ ಆಗದ ವಾಹನಕ್ಕೆ 'ವಿಎ' ಸರಣಿಯ ನಂಬರು ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ. ದಿನಬಳಕೆಗೆ ಓಡಿಸುವಂತಿಲ್ಲ. ಮೂಲ ರೂಪ ಎಂಬ ಮಾತು ಆ ಶೆಡ್ಡಿನಲ್ಲಿ ನನಗೆ ವಿಚಿತ್ರವಾಗಿ ಕೇಳಿಸಿತು.

ವಾಪಸು ಬರುವಾಗ ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಚಾಸಿ ಗಟ್ಟಿಯಿದ್ದು, ನಂಬರು ನಿಜವಾಗಿ, ಅದು ಅಜ್ಜನ ಜೀಪೇ ಆಗಿದ್ದರೆ ಏನು ಮಾಡುತ್ತಿದ್ದೆ? ಹಸಿರು ಬಣ್ಣ ಹೊಡೆಸಿ, ಫೋಟೊ ತೆಗೆಸಿ, ಅಂಗಳದಲ್ಲಿ ನಿಲ್ಲಿಸುತ್ತಿದ್ದೆ. ಆ ಅಜ್ಜಿಯ ಮನೆಯ ಮುಂದೆ ಅದರಲ್ಲಿ ಹೋಗಿ ಇಳಿಯಲು ನನಗೆ ಧೈರ್ಯ ಬರುತ್ತಿತ್ತೇ? ಅಜ್ಜ ಸಂಬಳಕ್ಕೆ ಗಾಡಿ ಓಡಿಸಿದವರು, ಅಳೆದವರಲ್ಲ, ನೋಟಿಸು ಬರೆದವರಲ್ಲ. ಆದರೂ ನಮ್ಮ ಮನೆಯ ಹೆಮ್ಮೆ ಅವರ ಮನೆಯ ಭಯದ ಪಕ್ಕದಲ್ಲೇ ನಿಂತಿತ್ತು. ಇದನ್ನು ನಾನು ಪ್ರಬಂಧದಲ್ಲಿ ಬರೆದಿರಲಿಲ್ಲ. ಅಭಿವೃದ್ಧಿ, ಸಂಪರ್ಕ, ಚಲನೆ ಎಂಬ ಪದಗಳನ್ನು ಬಳಿದಿದ್ದೆ. ಮಾರ್ಗದರ್ಶಕರು ಆ ಅಧ್ಯಾಯವನ್ನು ಎರಡು ಸಲ ತಿರುಗಿ ಕಳಿಸಿದ್ದು ಯಾಕೆಂದು ಆಗ ಹೊಳೆಯಿತು.

ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಜೀಪಿನದೂ, ಅಜ್ಜಿಯದೂ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಯ್ಯ ಮುಳುಗಡೆ ಕಡೆಯಿಂದ ಬಂದ ರಾತ್ರಿ ಊಟ ಮಾಡ್ತಿರ್ಲಿಲ್ಲ. ಸುಸ್ತು ಅಂತ ನಾವು ತಿಳಿದಿದ್ವಿ" ಎಂದರು. ಇಷ್ಟು ವರ್ಷ ಅವರು ಈ ಮಾತು ಆಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಮೇಲೆ ಮೇ ತಿಂಗಳಲ್ಲಿ ಜೀಪೊಂದನ್ನು ಕೊಂಡೆ. 1980ರ ದಶಕದ ಕೊನೆಯ ಎಂಎಂ 540, ಪ್ಯೂಜೊ ಡೀಸೆಲ್ ಎಂಜಿನ್ನಿನದು. ಕಡೂರಿನ ಒಣ ಸೀಮೆಯಲ್ಲಿ ತೆಂಗಿನಕಾಯಿ ಹೊತ್ತು ಬಾಳಿದ್ದು. ಬಣ್ಣ ಹೋಗಿ, ಬಾಡಿಯೆಲ್ಲ ನೆಗ್ಗಿ, ಹುಡ್ಡು ಹರಿದು ನೋಡಲು ಚೆನ್ನಾಗಿಲ್ಲ. ಮೇಸ್ತ್ರಿ ಕೆಳಗೆ ತೂರಿ ತಟ್ಟಿದ ಕಡೆಯೆಲ್ಲ ಟಣ್ ಎಂದಿತು. ಅವರ ಸಲಹೆ ಸರಳ: ಕರಾವಳಿಯಲ್ಲಿ ಮೀನು ಹೊತ್ತ ಗಾಡಿ ಬೇಡ, ಉಪ್ಪು ಚಾಸಿಯ ಒಳಗೆ ಕೂತಿರುತ್ತದೆ. ಮಳೆ ಸೀಮೆಯ ಗಾಡಿಯಾದರೆ ಹತ್ತು ಸಲ ಚುಚ್ಚಿ ನೋಡು. ಹೊಸ ಬಣ್ಣಕ್ಕಿಂತ ಹಳೆಯ ಕೊಳೆ ಮೇಲು. ಮ್ಯಾಟು ಎತ್ತದೆ ದುಡ್ಡು ಎಣಿಸಬೇಡ.

ಕೊಂಡ ಮೇಲಿನ ಕೆಲಸವನ್ನೂ ಅವರೇ ಕಲಿಸಿದರು. ನೆಲದ ತೂತುಗಳನ್ನು ಕಡ್ಡಿಯಿಂದ ಬಿಡಿಸಿಡಬೇಕು. ಕೆಮ್ಮಣ್ಣಿನ ಕೆಸರು ಚಾಸಿಯ ಮೂಲೆಗಳಲ್ಲಿ ಒಣಗಲು ಬಿಡದೆ ತೊಳೆಯಬೇಕು. ತುಕ್ಕು ಕಂಡಲ್ಲಿ ಗಟ್ಟಿ ಉಕ್ಕು ಸಿಗುವ ತನಕ ಕತ್ತರಿಸಿ ತೆಗೆದು, ಅದೇ ದಪ್ಪದ ತಗಡು ಬೆಸೆದು, ರೆಡ್ ಆಕ್ಸೈಡ್ ಹಚ್ಚಿ, ಆಮೇಲೆ ಬಣ್ಣ. ಕೈ ಹೋಗದ ಸಂದಿಗೆ ಎಣ್ಣೆ ಅಥವಾ ಮೇಣದ ದ್ರಾವಣ ಸಿಂಪಡಿಸಬೇಕು. ಮಳೆಗಾಲದಲ್ಲಿ ಟಾರ್ಪಾಲು ಬಿಗಿಯಾಗಿ ಸುತ್ತಬಾರದು, ಒಳಗೆ ಬೆವರುತ್ತದೆ. ಗಾಳಿಯಾಡುವ ಮಾಡಿನ ಕೆಳಗೆ, ಮಣ್ಣಿನ ಮೇಲಲ್ಲ, ಕಲ್ಲುಹಾಸಿನ ಮೇಲೆ ನಿಲ್ಲಿಸಬೇಕು. ವಾರಕ್ಕೊಮ್ಮೆಯಾದರೂ ಓಡಿಸಬೇಕು.

ಮೊದಲ ಸಲ ದೂರ ಹೋದದ್ದು ನಾನು ಮತ್ತು ಅಪ್ಪಯ್ಯ, ಕೊಡಚಾದ್ರಿಗೆ. ಬೆಟ್ಟದ ಬುಡದಲ್ಲಿ ನಮ್ಮ ಗಾಡಿ ನಿಲ್ಲಿಸಿ ಅಲ್ಲಿನ ಬಾಡಿಗೆ ಜೀಪಿನಲ್ಲಿ ಹತ್ತಿದೆವು. ಆ ದಾರಿಯಲ್ಲಿ ಓಡಿಸಲು ಅಲ್ಲಿನವರಿಗೇ ಸೈ. ಮೇಲೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಕಬ್ಬಿಣದ ಕಂಬವೊಂದು ಬಯಲಲ್ಲೇ ನಿಂತಿದೆ. ವರ್ಷಕ್ಕೆ ಸಾವಿರಾರು ಮಿಲಿಮೀಟರ್ ಮಳೆ, ತಿಂಗಳುಗಟ್ಟಲೆ ಮಂಜು. ಆದರೂ ಅದು ಕೊಳೆತು ಬಿದ್ದಿಲ್ಲ, ಲೋಹಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ ಬರೆದಿದ್ದಾರೆ. ದೆಹಲಿಯ ಪ್ರಸಿದ್ಧ ಕಂಬದ ವಿಷಯದಲ್ಲಿ ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ತೋರಿಸಿದ್ದು, ಆ ಕಬ್ಬಿಣದಲ್ಲಿನ ರಂಜಕದ ಅಂಶ ತುಕ್ಕಿನ ಮೊದಲ ಪದರವನ್ನೇ ಕಾಪಾಡುವ ಪೊರೆಯಾಗಿಸಿದೆ ಎಂದು. ಅಂದರೆ ಅದಕ್ಕೆ ತುಕ್ಕು ಹಿಡಿದೇ ಇಲ್ಲ ಎಂದಲ್ಲ. ಹಿಡಿದ ತುಕ್ಕೇ ಅದನ್ನು ಕಾದಿದೆ.

ಅಪ್ಪಯ್ಯ ಕಂಬ ಮುಟ್ಟಿ, ಅಂಗೈ ನೋಡಿಕೊಂಡರು. ಸ್ವಲ್ಪ ಕಂದು ಹತ್ತಿತ್ತು. ಪಂಚೆಗೆ ಒರೆಸಿಕೊಂಡು, "ಆ ಅಜ್ಜಿ ಮನೆಗೆ ಮುಂದಿನ ಸಲ ಹೋಗುವಾಗ ನಾನೂ ಬರ್ತೆ" ಎಂದರು.

ಮುಂದಿನ ತಿಂಗಳು ಹೋಗುವುದೆಂದು ಮಾಡಿದ್ದೇವೆ. ಜೀಪಿನಲ್ಲಲ್ಲ, ಬಸ್ಸಿನಲ್ಲಿ. ಫೋಟೊ ತೆಗೆದುಕೊಂಡು ಹೋಗಿ ತೋರಿಸಬೇಕು.